ಹೊಸ್ತಿಲ ಹೊರಗಿನ ಮಾತು

ಮೇಲವಂಕಿ ಕಡೆಯ ಒಂದು ತೋಟದ ಸಾಲಿ. ಅಲ್ಲಿ ಮೂರನೆಯ ತರಗತಿಯ ಮಕ್ಕಳು ಇಂಗ್ಲಿಷ್ ಪಿರಿಯಡ್ಡಿಗೆ ಒಳಗೆ ಬರುವ ಮುಂಚೆ ಚಪ್ಪಲಿ ಬಿಡುತ್ತಿದ್ದರು. ಆಮೇಲೆ ಬಾಯಿಂದ ಏನನ್ನೋ ತೆಗೆದಂತೆ ಮಾಡಿ, ಮುಷ್ಟಿಯಲ್ಲಿ ಹಿಡಿದು, ಅದನ್ನೂ ಚಪ್ಪಲಿಯ ಪಕ್ಕದಲ್ಲಿ ಜೋಪಾನವಾಗಿ ಇಡುತ್ತಿದ್ದರು. ಅದು ಕನ್ನಡ. ಹೊಸ್ತಿಲು ದಾಟಿದ ಮೇಲೆ ಯಾರೂ ಕನ್ನಡ ಆಡುವಂತಿಲ್ಲ, ಆಡಿದರೂ ಅಕ್ಕೋರಿಗೆ ಕೇಳಿಸುವುದಿಲ್ಲ.

ಈ ಆಟ ಕಟ್ಟಿದವರು ಇಂಗ್ಲಿಷ್ ಕಲಿಸುವ ದಾಕ್ಷಾಯಿಣಿ ಅಕ್ಕೋರು. ಹೊಡೆತವಿಲ್ಲ, ಬೈಗುಳವಿಲ್ಲ, ಮಕ್ಕಳು ನಗುನಗುತ್ತಲೇ ಮಾಡುತ್ತಿದ್ದರು. ಗೋಕಾಕದ ತರಬೇತಿಯಲ್ಲಿ ಅವರು ಇದನ್ನು ವಿವರಿಸಿದಾಗ ಚಪ್ಪಾಳೆ ಬಿದ್ದಿತ್ತು. ಮೂಡಲಗಿ, ಹುಕ್ಕೇರಿಯ ಶಿಕ್ಷಕರು ಅವರ ಫೋನ್ ನಂಬರ್ ಬರೆದುಕೊಂಡು ಹೋಗಿದ್ದರು. ಅಂಥ ಹೆಮ್ಮೆ ಯಾರಿಗೆ ಬೇಡ ಹೇಳಿ!

ಆವತ್ತು ಹಣ್ಣುಗಳ ಹೆಸರಿನ ಪಾಠ ನಡೆದಿತ್ತು. ಸಪ್ನಾ ಎಂಬ ಹುಡುಗಿ ಪಾಟಿಚೀಲದೊಳಗೆ ಕೈ ಹಾಕಿದವಳು ಬೆಚ್ಚಿ ಎದ್ದಳು. ಸುಮ್ಮನೆ ಹೊರಗೆ ಹೋದಳು. ಚಪ್ಪಲಿಯ ಹತ್ತಿರ ಬಗ್ಗಿ, ತಾನು ಬಿಟ್ಟು ಬಂದಿದ್ದನ್ನು ಎತ್ತಿ ಬಾಯಿಗೆ ಹಾಕಿಕೊಂಡಂತೆ ಮಾಡಿ, ಅಲ್ಲಿಂದಲೇ ಕರೆದಳು.

"ಅಕ್ಕೋರ, ಇಲ್ಲೆ ಬರ್ರಿ."

ಅಕ್ಕೋರಿಗೆ ಕೇಳಿಸಿತು. ಚುರುಕು ಹುಡುಗಿ, ಆಟದೊಳಗೇ ಇನ್ನೊಂದು ಆಟ ಹೂಡಿದ್ದಾಳೆ ಎಂದುಕೊಂಡು ಒಳಗೊಳಗೇ ನಕ್ಕರು. ತುಟಿಯ ಮೇಲೆ ಬೆರಳಿಟ್ಟು ತೋರಿಸಿ, ಹಲಗೆಯ ಕಡೆ ತಿರುಗಿದರು. ಹುಡುಗಿ ಮತ್ತೊಮ್ಮೆ ಕರೆದಳು. ಆಮೇಲೆ ಒಳಗೆ ಬಂದು, ಕೈಯನ್ನು ಲಂಗದೊಳಗೆ ಮುಚ್ಚಿಟ್ಟುಕೊಂಡು ಕುಳಿತಳು. ಸೇಬಿಗೂ ದ್ರಾಕ್ಷಿಗೂ ಅವಳ ಹತ್ತಿರ ಇಂಗ್ಲಿಷ್ ಇತ್ತು. ಚೇಳಿಗೆ ಇರಲಿಲ್ಲ.

ಪಾಠ ಮುಗಿಯುವ ಮೊದಲೇ ವಾಂತಿ ಮಾಡಿಕೊಂಡು ಬಿದ್ದಳು. ಮೈಯೆಲ್ಲ ಬೆವರು, ತುಟಿ ಬೆಳ್ಳಗೆ. ಚೀಲ ಕೊಡವಿದಾಗ ಕೆಂಪು ಚೇಳು ಉದುರಿತು. ಹೆಡ್ ಮಾಸ್ತರರ ಮೋಟರ್ ಸೈಕಲ್ಲಿನ ಹಿಂದೆ ಕುಳಿತು, ಆಕೆಯನ್ನು ಎದೆಗವಚಿಕೊಂಡು ದಾಕ್ಷಾಯಿಣಿ ಗೋಕಾಕದ ದವಾಖಾನೆ ಮುಟ್ಟುವಷ್ಟರಲ್ಲಿ ಜೀವ ಬಾಯಿಗೆ ಬಂದಿತ್ತು. ದೇವರು ದೊಡ್ಡವನು, ಹುಡುಗಿ ಉಳಿದಳು.

"ಬಾಯಿ ಬಿಟ್ಟ ಹೇಳಬಾರ್ದಾ? ಭಾಳ ಅಂಜಬುರಕಿ," ಎಂದರು ಹೆಡ್ ಮಾಸ್ತರರು. ಊರೂ ಹಾಗೇ ಅಂದಿತು. ಹುಡುಗಿ ಕರೆದದ್ದನ್ನು ದಾಕ್ಷಾಯಿಣಿ ಮುಚ್ಚಿಟ್ಟರು.

ಅಲ್ಲಿಂದ ಶುರುವಾಯಿತು. ಹಲಗೆಯ ಮೇಲೆ ಬರೆಯಲು ಬೆನ್ನು ತಿರುಗಿಸಿದರೆ ಸಾಕು, ಬಾಗಿಲ ಕಡೆಯಿಂದ ಆ ದನಿ. ಅಕ್ಕೋರ, ಇಲ್ಲೆ ಬರ್ರಿ. ಹೊರಳಿ ನೋಡಿದರೆ ಯಾರೂ ಇಲ್ಲ. ಸಪ್ನಾಳ ಚಪ್ಪಲಿ ಮಾತ್ರ ಅವಳು ಬಿಟ್ಟಲ್ಲೇ ಬಿದ್ದಿತ್ತು, ಯಾವ ಹುಡುಗರೂ ಅದನ್ನು ಮುಟ್ಟುತ್ತಿರಲಿಲ್ಲ. ಉಳಿದವರು ದಿನವೂ ಬಾಯಿಂದ ಕನ್ನಡ ತೆಗೆದಿಟ್ಟೇ ಒಳಗೆ ಬರುತ್ತಿದ್ದರು. ಬೇಡ ಅನ್ನೋಣವೆಂದರೆ ಯಾಕೆಂದು ಹೇಳಬೇಕಲ್ಲ. ಮಕ್ಕಳು ಗಪ್ಪಾಗಿ ಕುಳಿತರೆ ಮೊದಲು ಖುಷಿಯಾಗುತ್ತಿತ್ತು, ಈಗ ಹೆದರಿಕೆಯಾಗುತ್ತಿತ್ತು.

ಹುಡುಗಿ ಚೇತರಿಸಿಕೊಂಡರೂ ಸಾಲಿಗೆ ಬರಲಿಲ್ಲ. ಕಡೆಗೆ ದಾಕ್ಷಾಯಿಣಿ ಆ ಚಪ್ಪಲಿ ಹಿಡಿದುಕೊಂಡು ಅವರ ತೋಟದ ಮನೆಗೆ ಹೋದರು. ಸಪ್ನಾ ಅಂಗಳದಲ್ಲಿ ಆಡಿನ ಮರಿಯ ಹತ್ತಿರ ಪಟಪಟ ಮಾತಾಡುತ್ತಿದ್ದಳು. ಅಕ್ಕೋರನ್ನು ಕಂಡವಳೇ ಒಳಗೆ ಓಡಿ ಮೂಲೆ ಸೇರಿದಳು. ಅಜ್ಜಿ ಶೆಟ್ಟೆವ್ವ ಚಹಾ ಕೊಟ್ಟು ಕಣ್ಣೊರೆಸಿಕೊಂಡಳು.

"ಹೊರಗಿದ್ರ ಹಿಂಗ ಮಾತಾಡ್ತಾಳ್ರಿ. ಹೊಸ್ತಲಾ ದಾಟಿದ್ಲಂದ್ರ ಮೂಕಿ. ಹಸಿವಾದ್ರೂ ಎದ್ದ ಅಂಗಳಕ್ಕ ಹೋಗಿ ಕೂಗ್ತಾಳ, ಆಯಿ, ರೊಟ್ಟಿ ಕೊಡ ಅಂತ. ಕೂಸಿಗೆ ಏನ್ ಆಗೈತ್ರಿ ಇದು?"

ಅಪ್ಪ ಮಾಳಪ್ಪ ಕಬ್ಬಿನ ಟ್ರ್ಯಾಕ್ಟರ್ ಹೊಡೆಯುವವನು. "ನಿಮ್ಮ ತಪ್ಪಿಲ್ಲ ಬಿಡ್ರಿ ಅಕ್ಕೋರ," ಎಂದ. "ನೀವು ಇಂಗ್ಲಿಷ್ ಮಾತ್ರ ಬಿಡಬ್ಯಾಡ್ರಿ. ದೊಡ್ಡ ದವಾಖಾನ್ಯಾಗ ಬೋರ್ಡ್ ಓದಾಕ ಬರದ, ನಮ್ಮಪ್ಪನ್ನ ಕರ್ಕೊಂಡು ತಪ್ಪ ಸಾಲಿನ್ಯಾಗ ನಿಂತಾಂವ ನಾ. ಇಕಿಗೆ ಆ ಗತಿ ಬ್ಯಾಡ."

"ಸುಡ್ಲಿ ನಿನ್ನ ಇಂಗ್ಲಿಷ್. ಕೂಸು ಉಳಿದಿದ್ದ ಹೆಚ್ಚಿಗಿ," ಎಂದಳು ಶೆಟ್ಟೆವ್ವ.

"ಇಂಗ್ಲಿಷ್ ಏನ್ ಮಾಡ್ತಬೇ? ಇಕಿ ಹೇಳಬೇಕಿತ್ತಿಲ್ಲ?" ಮಾಳಪ್ಪ ಮೂಲೆಯ ಕಡೆ ತಿರುಗಿದ. "ಆವತ್ತ ನಿನಗ ಬಾಯಿ ಇರಲಿಲ್ಲೇನ?"

ಸಪ್ನಾ ತಲೆಯೆತ್ತಿ ಅಕ್ಕೋರನ್ನು ನೋಡಿದಳು. ದೂರಲಿಲ್ಲ, ಸುಮ್ಮನೆ ನೋಡಿದಳು. ದಾಕ್ಷಾಯಿಣಿ ಚಹಾ ಕುಡಿದು ಎದ್ದು ಬಂದಿದ್ದರೆ ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ. ಆ ಹುಡುಗಿ ಜನ್ಮವಿಡೀ ಬಾಯಿಲ್ಲದವಳು ಎನಿಸಿಕೊಳ್ಳುತ್ತಿದ್ದಳು, ಅಷ್ಟೇ. ದಾಕ್ಷಾಯಿಣಿ ಚಹಾದ ಕಪ್ಪನ್ನು ಕೆಳಗಿಟ್ಟರು.

"ಆಕಿ ಕರದಿದ್ಲ್ರಿ," ಎಂದರು. "ಹೊರಗ ನಿಂತು, ಅಕ್ಕೋರ ಬರ್ರಿ ಅಂತ ಎರಡ ಸರ್ತಿ ಕರದ್ಲು. ನನಗ ಕೇಳಿಸಿತ್ತು. ಕನ್ನಡದಾಗ ಕರದ್ಲಂತ ನಾ ಹೋಗ್ಲಿಲ್ಲ."

ಮಾಳಪ್ಪನ ಮುಖ ಕಪ್ಪಿಟ್ಟಿತು. ಎದ್ದು ಹೊರಗೆ ನಡೆದ. ಸಪ್ನಾ ಅಜ್ಜಿಯ ಸೆರಗಿನಲ್ಲಿ ಮುಖ ಹುದುಗಿಸಿ ದನಿ ತೆಗೆದು ಅತ್ತಳು. ಆ ಮನೆಯೊಳಗೆ ಅವಳ ದನಿ ಕೇಳಿ ಎಷ್ಟೋ ದಿನವಾಗಿತ್ತು. ಶೆಟ್ಟೆವ್ವ ಮೊಮ್ಮಗಳ ಬೆನ್ನು ಸವರುತ್ತ ಕುಳಿತಳು. ಅಕ್ಕೋರಿಗೆ ಹೋಗಿ ಬರ್ರಿ ಎಂದೂ ಹೇಳಲಿಲ್ಲ.

ಇನ್ನು ಈ ಕೂಸು ಸಾಲಿಯ ಕಡೆ ತಲೆ ಹಾಕುವುದಿಲ್ಲ ಎಂದುಕೊಂಡೇ ದಾಕ್ಷಾಯಿಣಿ ಮರುದಿನ ತರಗತಿಯ ಬಾಗಿಲು ತೆಗೆದರು. ಮಾಳಪ್ಪ ಮಗಳ ಕೈ ಹಿಡಿದು ನಿಂತಿದ್ದ.

"ಇಂಗ್ಲಿಷ್ ಕಲಸ್ರಿ," ಎಂದ, ಅವರ ಮುಖ ನೋಡದೆ. "ಆದ್ರ ಕರದ್ರ ಓ ಅನ್ರಿ."

ಆವತ್ತು ಬಾಯಿಗೆ ಕೈ ಒಯ್ದ ಮಕ್ಕಳನ್ನು ಅಕ್ಕೋರು ಹೊಸ್ತಿಲಲ್ಲೇ ತಡೆದು, ಹಾಗೇ ಒಳಗೆ ಕರೆದುಕೊಂಡರು. "ನಿಮಗ ಯಾವ ಮಾತು ಬೇಕೋ ಕನ್ನಡದಾಗ ಹೇಳ್ರಿ. ಅದನ್ನ ಇಂಗ್ಲಿಷಿನ್ಯಾಗ ಹೆಂಗ ಅನ್ನೂದಂತ ಕಲಿಯೂಣು." ಮೊದಲು ಯಾರೂ ನಂಬಲಿಲ್ಲ. ಆಮೇಲೆ ಒಬ್ಬ ಹೊಟ್ಟಿ ನೋಯಾಕತ್ತೈತಿ ಅಂದ, ಇನ್ನೊಬ್ಬಳು ಇಂವ ನನ್ನ ಚೂಟಿದ ಅಂದಳು. ಹಲಗೆಯ ಒಂದು ಬದಿ ಕನ್ನಡ, ಇನ್ನೊಂದು ಬದಿ ಇಂಗ್ಲಿಷ್ ತುಂಬುತ್ತ ಹೋಯಿತು. ಸಪ್ನಾ ಮಾತ್ರ ತುಟಿ ಬಿಚ್ಚಲಿಲ್ಲ.

ಬೆನ್ನ ಹಿಂದೆ ಮತ್ತೆ ಆ ದನಿ ಬಂತು. "ಅಕ್ಕೋರ."

ದಾಕ್ಷಾಯಿಣಿ ತಿರುಗಲಿಲ್ಲ. ದಿನವೂ ಕೇಳಿ ಕೇಳಿ ಮೋಸಹೋದ ದನಿ ಅದು. ಕೈ ಬರೆಯುತ್ತಲೇ ಇತ್ತು.

"ಅಕ್ಕೋರ, ನೀರ ಕುಡ್ಯಾಕ ಹೋಗ್ಲೇನ್ರಿ?"

ಸೀಮೆಸುಣ್ಣ ನಿಂತಿತು. ಹೊರಳಿ ನೋಡಿದರೆ ತರಗತಿಯ ನಡುವೆ, ತನ್ನ ಜಾಗದಲ್ಲಿ, ಸಪ್ನಾ ಎದ್ದು ನಿಂತಿದ್ದಳು.

"ಓ," ಎಂದರು ಅಕ್ಕೋರು. "ಹೋಗಿ ಬಾ, ಅವ್ವಿ."

ಹುಡುಗಿ ನೀರು ಕುಡಿದು ಬಂದು ಕುಳಿತುಕೊಳ್ಳುವವರೆಗೂ ಅವರು ಬಾಗಿಲಿನಿಂದ ಕಣ್ಣು ತೆಗೆಯಲಿಲ್ಲ.