ಏಡನ್ನಿಗೆ ಹೋದ ಎಲೆಬುಟ್ಟಿಗಳು

“ಬುಟ್ಟಿ ಮೊಹರು ನಾವು ಒಡದಿಲ್ಲ, ರೇಲ್ವೆ ಹಮಾಲರು ಒಡದಾರ ಅಂತ ಒಂದ ಮಾತು ಹೇಳ್ರಿ ಸಾಹೇಬ್ರ. ದಾವೆ ಗೆದ್ದಂಗ,” ಅಂದರು ವಕೀಲ ಪ್ರಹ್ಲಾದರಾಯರು.

ಸವಣೂರಿನ ಎಲೆ ಕಂಪನಿಯ ಯಜಮಾನ ದಸ್ತಗೀರಸಾಬರಿಗೆ ಸಿಟ್ಟು ನೆತ್ತಿಗೇರಿತು. “ಹಮಾಲರು ನನಗೇನ್ ಕೇಡು ಮಾಡ್ಯಾರ್ರೀ ರಾಯರ? ಎಲಿ ಆರಸೂ ನಮ್ಮ ಹುಸೇನಬಿ ಒಡದಾಳ, ನಾನ ಒಡಿ ಅಂದೇನಿ. ಎಲಿ ಅಂದ್ರ ಹೆಂಚೇನ್ರೀ, ಬಿಗದು ಸುಮ್ನ ಬಿಡಾಕ?”

ಸಿಟ್ಟು ಬರದೆ ಏನು? ಹಡಗಿನಲ್ಲಿ ಅರಬಸ್ತಾನದ ಏಡನ್ನಿಗೆ ವೀಳ್ಯದೆಲೆ ಕಳಿಸಿದರೆ ಬುಟ್ಟಿಗಿಷ್ಟು ಸಹಾಯಧನ ಕೊಡುತ್ತೇವೆಂದು ೧೯೩೮ರಲ್ಲಿ ಸರಕಾರ ಸಾರಿತ್ತು. ಕಂಪನಿ ನಂಬಿ ವರ್ಷವಿಡೀ ಕಳಿಸಿತು. ದುಡ್ಡು ಬರಲಿಲ್ಲ. ದಾವೆ ಹೂಡಿದಾಗ ಸರಕಾರಿ ವಕೀಲರು ಹೊಸ ರಾಗ ತೆಗೆದರು: ಯಲವಿಗಿ ಸ್ಟೇಶನ್ನಿನಲ್ಲಿ ಬುಟ್ಟಿಗಳಿಗೆ ಹಾಕಿದ ಅರಗಿನ ಮೊಹರು ಹಡಗು ಹತ್ತುವಾಗ ಇರಲಿಲ್ಲ, ಕಂಪನಿಯೇ ಒಡೆದಿದ್ದರೆ ನಿಯಮದ ಪ್ರಕಾರ ಬಿಡಿಗಾಸೂ ಇಲ್ಲ.

ಮೊಹರು ಇರುವುದಾದರೂ ಹೇಗೆ? ಮುಂಬಯಿ ಬಂದರದಲ್ಲಿ ಬುಟ್ಟಿ ಬಿಚ್ಚಿ, ಕೊಳೆತದ್ದನ್ನು ಆರಿಸಿ ಎಸೆದು, ಉಳಿದ ಎಲೆ ಮಗುಚಿ, ನೀರು ಚಿಮುಕಿಸಿ ಮತ್ತೆ ಕಟ್ಟಬೇಕು. ಒಂದು ಎಲೆ ಕೊಳೆತರೆ ಇಡೀ ಬುಟ್ಟಿ ಹಾಳು. ಅದಕ್ಕೆಂದೇ ಹುಸೇನಬಿ ಗಂಡನ ಜೊತೆ ಪ್ರತಿ ಸಲ ಬುಟ್ಟಿಗಳ ಹಿಂದೆ ಮುಂಬಯಿಗೆ ಹೋಗುತ್ತಿದ್ದಳು. ಮೊಹರಿನ ನಿಯಮ ಬರೆದ ಮಹಾಶಯ ಎಲೆ ತಿಂದಿರಬಹುದು, ಬುಟ್ಟಿ ಬಿಚ್ಚಿ ಮೂಸಿದವನಂತೂ ಅಲ್ಲ.

“ಈ ರೊಕ್ಕ ಬರಲಿಲ್ಲಂದ್ರ ಕಂಪನಿ ಬಾಗಲಾ ಮುಚ್ಚತದ,” ಅಂದರು ರಾಯರು.

“ಬಿಚ್ಚಿಲ್ಲ ಅಂತ ಕೋರ್ಟಿನ್ಯಾಗ ಹೇಳಿದ್ರೂ ಮುಚ್ಚತೈತಿ! ಏಡನ್ ಸಾವಕಾರ ಏನಂತಾನ? ಈ ಸಾಬ ಇಷ್ಟ ದಿನ ಕೊಳತದ್ದ ತಿನಿಸ್ಯಾನ ಅಂತಾನ. ಮಾತು ತಪ್ಪಿದಾವ್ರು ಸರಕಾರದಾವ್ರು, ಸುಳ್ಳು ಹೇಳಾಂವ ನಾನs?”

ಮರುದಿನ ಮೊಹರು ಒಡೆದದ್ದು ನೀವೇ ಏನೆಂದು ನ್ಯಾಯಾಧೀಶರು ಕೇಳಿದರು. ಸಾಬರು ಕಟಕಟೆ ಹಿಡಿದು ನಿಂತು, “ಹೌದ್ರಿ, ನಾನ ಒಡಿಸೇನಿ. ಮುಂದನೂ ಒಡಿಸ್ತೇನಿ,” ಅಂದರು.

“ತಮ್ಮ ಬಾಯಿಲೇ ಒಪ್ಪಿಕೊಂಡ್ರಲ್ಲ!” ಎಂದು ಸರಕಾರಿ ವಕೀಲರು ನಕ್ಕರು. ದಾವೆ ವಜಾ ಆಯಿತು.

ಹೊರಗೆ ಬೇವಿನ ನೆರಳಿನಲ್ಲಿ ಹುಸೇನಬಿ ಕಾಯುತ್ತಿದ್ದಳು. “ಚಾಚಾ, ಸೋತ್ರಿ ಅಂದ್ರು. ಇವತ್ತಿನ ಬುಟ್ಟಿಗೂ ಮೊಹರ ಹಚ್ಯಾರಂತ. ಏನ್ ಮಾಡ್ಲಿ?”

“ಏನ್ ಮಾಡ್ತಿ? ಬಿಚ್ಚು, ಆರಿಸು, ಕಟ್ಟು. ಎಲಿ ಏನ್ ತಪ್ಪು ಮಾಡೈತಿ?”

ರಾಯರು ಇಬ್ಬರನ್ನೂ ನೋಡಿ ತಲೆ ಕೊಡವಿದರು. “ಅಪೀಲು ಮಾಡೂಣು ಸಾಹೇಬ್ರ. ನಾವs ಒಡದೇವಿ, ಯಾಕ ಒಡದೇವಿ ಅಂತನs ಶುರು ಮಾಡತೇನಿ. ಫೀ ಮಾತು ಆಮ್ಯಾಲ.”

ಸಾಬರು ಏನೋ ಹೇಳುವಷ್ಟರಲ್ಲಿ ಹುಸೇನಬಿ ಗಂಟು ಕಂಕುಳಲ್ಲಿ ಇರುಕಿ, ಸ್ಟೇಶನ್ನಿಗೆ ಹೊರಟಿದ್ದ ಟಾಂಗಾಕ್ಕೆ ಕೈ ಮಾಡಿದಳು.