ಹದ್ದುಗಣ್ಣನ ಹನ್ನೆರಡು ಗಿಡ

ಕಣ್ಣಿನ ಪಟ್ಟಿ ಬಿಚ್ಚಿದ ಕೂಡಲೇ ಹದ್ದುಗಣ್ಣ ಕೇಳಿದ ಮೊದಲ ಮಾತು, "ಡಾಕ್ಟ್ರೇ, ರಾತ್ರೋರಾತ್ರಿ ಗೋಡೆಗೆ ಸುಣ್ಣ ಹೊಡೆಸಿದ್ರಾ?" ಅಂತ. ನಿನ್ನೆ ಕೆನೆಬಣ್ಣಕ್ಕಿದ್ದ ಗೋಡೆ ಈಗ ಹಾಲಿನಷ್ಟು ಬೆಳ್ಳಗಿತ್ತು.

ಡಾಕ್ಟರು ನಕ್ಕರು. "ಗೋಡೆ ನಿನ್ನೇನೂ ಬೆಳ್ಳಗೇ ಇತ್ತು ಯಜಮಾನ್ರೇ. ನಿಮ್ಮ ಕಣ್ಣಿನ ಪೊರೆ ಟೀ ಡಿಕಾಕ್ಷನ್ ಬಣ್ಣಕ್ಕೆ ತಿರುಗಿಬಿಟ್ಟಿತ್ತು. ಹತ್ತು ವರ್ಷದಿಂದ ಎಲ್ಲಾನೂ ಅದರೊಳಗಿಂದಲೇ ನೋಡ್ತಿದ್ದೀರಿ. ಎಡಗಣ್ಣಲ್ಲಿ ಇನ್ನೂ ಹಾಗೇ ಇದೆ. ಒಂದು ತಿಂಗಳು ಕಳೀಲಿ, ಅದನ್ನೂ ತೆಗೆದುಬಿಡೋಣ."

ಹದ್ದುಗಣ್ಣನೂ ನಕ್ಕ. ಹೆಂಡತಿ ಮಾತ್ರ ನಗಲಿಲ್ಲ. ಕೈಚೀಲದ ಹಿಡಿಯನ್ನು ತಿರುಚುತ್ತ ಕೂತಿದ್ದಳು.

ಹದ್ದುಗಣ್ಣ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ, ಸಸಿ ಮಾರುವವರು ಇಟ್ಟದ್ದು. ಸಾವಿರ ಸಸಿಗಳ ಮಡಿಯ ಮುಂದೆ ಒಂದು ಸಲ ನಡೆದು ಹೋದರೆ ಸಾಕು, ಬಣ್ಣ ತಿರುಗುವ ಸಸಿ ಯಾವುದು ಅಂತ ಬೆರಳಿಟ್ಟು ತೋರಿಸುತ್ತಿದ್ದ. ಎಷ್ಟೋ ನರ್ಸರಿಗಳವರು ಬಂದು ಕರೆದುಕೊಂಡು ಹೋಗುತ್ತಿದ್ದರು. ಸುಳ್ಳು ಯಾಕೆ ಹೇಳಬೇಕು, ಆ ಕಾಲದಲ್ಲಿ ಆ ಕಣ್ಣು ನಿಜಕ್ಕೂ ಹದ್ದಿನದೇ.

ಅವನಿಗೆ ಬೇಕಿದ್ದದ್ದು ಒಂದೇ ಒಂದು ಗಿಡ. ಮನೆಯ ಹಿಂದೆ ಹೊಂಬಣ್ಣದ ಸೈಪ್ರಸ್ ಮರವೊಂದಿತ್ತು. ಅದರ ಬೀಜ ಬಿತ್ತಿದರೆ ನೂರಕ್ಕೆ ತೊಂಬತ್ತು ಬರೀ ಹಸಿರು ಸಸಿಗಳೇ ಹುಟ್ಟುತ್ತಿದ್ದವು. ಉಳಿದ ಹಳದಿಯವುಗಳದು ಬೇರೆಯೇ ಗೋಳು. ಕೆಲವು ಬೇಸಿಗೆಯ ಬಿಸಿಲಿಗೆ ಸುಟ್ಟು ಕಂದಾಗುತ್ತಿದ್ದವು, ಕೆಲವು ಚಳಿಗಾಲ ಬಂದರೆ ಬಣ್ಣ ಬಿಟ್ಟು ಹಸಿರಿಗೆ ಜಾರುತ್ತಿದ್ದವು. ಬಿಸಿಲಿಗೆ ಸುಡಬಾರದು, ಚಳಿಗೆ ಬಣ್ಣ ಬಿಡಬಾರದು, ಅಂಥ ಗಿಡ ಬೇಕು. ಇದಕ್ಕಾಗಿ ಮೂವತ್ತು ವರ್ಷದಲ್ಲಿ ಮೂರು ಸಲ ಬಿತ್ತಿದ್ದ. ಮೊದಲ ಎರಡು ಸಲದ ಗಿಡಗಳೆಲ್ಲ ಒಲೆಗೆ ಹೋದವು. ಮೂರನೆಯದು ಒಂಬತ್ತು ವರ್ಷದ ಕೆಳಗೆ ಬಿತ್ತಿದ್ದು. ಬೇಕಾದ ಸಸಿಗೆ ಕೆಂಪು ದಾರ, ಬೇಡದ್ದನ್ನು ಕಿತ್ತು ಬಿಸಾಡು. ದಾರ ಕಟ್ಟುವುದು ಹೆಂಡತಿಯ ಕೆಲಸ. ಕಿತ್ತೂ ಕಿತ್ತೂ ಕೊನೆಗೆ ಹನ್ನೆರಡು ಉಳಿದವು. ಬಿಸಿಲಿಗೆ ಒಂದು ತುದಿಯೂ ಸುಡಲಿಲ್ಲ, ಚಳಿಗೆ ಬಣ್ಣ ಕದಲಲಿಲ್ಲ. ಹದ್ದುಗಣ್ಣನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ತಾಯಿಮರ ಬೇರು ಕೊಳೆತು ಸತ್ತು ಮೂರು ವರ್ಷ ಆಯಿತು. ಹೋದರೆ ಹೋಗಲಿ, ಮಕ್ಕಳಿದ್ದಾವಲ್ಲ ಅಂದುಕೊಂಡ. ಹೊಸ ತಳಿಗಳನ್ನು ದಾಖಲಿಸುವ ದೊಡ್ಡ ಉದ್ಯಾನದ ಸಮಿತಿಗೆ ಕಾಗದ ಬರೆದ, ಗಿಡ ಸಿದ್ಧವಾಗಿದೆ, ಬಂದು ನೋಡಿ ಹೆಸರು ದಾಖಲು ಮಾಡಿಕೊಳ್ಳಿ ಅಂತ. ಗುರುವಾರ ಬರುತ್ತೇವೆ ಎಂದು ಉತ್ತರ ಬಂತು. ಆ ದಿನ ತನ್ನ ಗಿಡಗಳನ್ನು ತಾನೂ ಕಣ್ತುಂಬ ನೋಡಬೇಕು ಅಂತಲೇ ಕಣ್ಣಿನ ಆಪರೇಷನ್ ಮಾಡಿಸಿಕೊಂಡಿದ್ದು. ಇಲ್ಲದಿದ್ದರೆ ಎಪ್ಪತ್ತೊಂದರ ವಯಸ್ಸಿನಲ್ಲಿ ಅವನು ಆಸ್ಪತ್ರೆಯ ಮೆಟ್ಟಿಲು ಹತ್ತುವ ಆಸಾಮಿಯೇ ಅಲ್ಲ.

ಮನೆಗೆ ಬಂದದ್ದು ಮಂಗಳವಾರ ಮಧ್ಯಾಹ್ನ. ಹೆಂಡತಿ ಚಹಾ ಕೊಟ್ಟಳು. ಕುಡಿದಾದ ಮೇಲೆ ಇನ್ನೊಂದು ಲೋಟ ಕೊಟ್ಟಳು. ದಿಂಬು ತಂದಿಟ್ಟಳು.

"ಸ್ವಲ್ಪ ಮಲಕ್ಕೊಳ್ಳಿ. ಧೂಳಿಗೆ ಹೋಗಬಾರದು ಅಂತ ಡಾಕ್ಟ್ರು ಹೇಳಿದಾರೆ."

"ಏನೇ ಇದು, ಮದುವೆಯಾದ ಹೊಸದರಲ್ಲೂ ಇಷ್ಟು ಉಪಚಾರ ಮಾಡಿರಲಿಲ್ಲ ನೀನು!"

"ನಾಳೆ ನೋಡಿದ್ರಾಯ್ತು ರೀ. ಗಿಡ ಎಲ್ಲಿ ಓಡಿಹೋಗುತ್ತೆ?"

"ಒಂಬತ್ತು ವರ್ಷ ಕಾದಿದ್ದೀನಿ. ಇನ್ನೊಂದು ಗಳಿಗೆ ಕಾಯೋಕಾಗಲ್ಲ, ಬಾ."

ಕಪ್ಪು ಕನ್ನಡಕ ಏರಿಸಿಕೊಂಡು ಹಿತ್ತಿಲಿಗೆ ನಡೆದ. ಕೊನೆಯ ಸಾಲಿನ ಹತ್ತಿರ ಹೋಗಿ ನಿಂತ. ಎದೆಮಟ್ಟದ ಹನ್ನೆರಡು ಗಿಡ, ಹನ್ನೆರಡು ಕೆಂಪು ದಾರ. ಗಿಡಗಳು ಕಪ್ಪಾಗಿ ಕಂಡವು. ಥೂ, ಈ ಕನ್ನಡಕ ಅಂತ ಬೈದುಕೊಂಡು ಅದನ್ನು ಕಿತ್ತು ಜೇಬಿಗೆ ಹಾಕಿಕೊಂಡ.

ಗಿಡಗಳು ಹಸಿರಾಗಿದ್ದವು.

"ಯಾರೇ ದಾರ ಬಿಚ್ಚಿದ್ದು?" ಹದ್ದುಗಣ್ಣ ಅಬ್ಬರಿಸಿದ. "ಬೇರೆ ಗಿಡಕ್ಕೆ ಯಾರೇ ಕಟ್ಟಿದ್ದು? ಒಂದು ದಿನ ಮನೇಲಿಲ್ಲ ಅಂದ್ರೆ ಇಷ್ಟಾ?"

"ಯಾರೂ ಮುಟ್ಟಿಲ್ಲ ರೀ."

ಹೊಸ ಕಣ್ಣನ್ನು ಅಂಗೈಯಲ್ಲಿ ಮುಚ್ಚಿಕೊಂಡ. ಎಡಗಣ್ಣಲ್ಲಿ ನೋಡಿದರೆ ಗಿಡ ಬಂಗಾರ. ಕೈ ಬದಲಿಸಿದ. ಹಸಿರು. ಪಕ್ಕದ ಗಿಡಕ್ಕೆ ಹೋದ. ಬಂಗಾರ. ಹಸಿರು. ಹನ್ನೆರಡನ್ನೂ ಹೀಗೆಯೇ, ಒಂದು ಕಣ್ಣು ಮುಚ್ಚಿ, ಇನ್ನೊಂದು ತೆರೆದು ನೋಡುತ್ತ ಹೋದ. ಹೆಂಡತಿ ಎರಡು ಹೆಜ್ಜೆ ಹಿಂದೆ ಬಂದಳು. ಕೊನೆಯ ಗಿಡದ ರೆಂಬೆಯೊಂದನ್ನು ಅವಳ ಕಡೆಗೆ ಬಾಗಿಸಿ ಕೇಳಿದ.

"ಇದು ಯಾವ ಬಣ್ಣ?"

"ನೀವು ಹೇಳಿದ ಬಣ್ಣ."

"ನಾನು ಹೇಳಿದ್ದು ಬಿಡು. ನಿನ್ನ ಕಣ್ಣಿಗೆ ಕಾಣೋದು ಹೇಳು."

"ಹಸಿರು."

"ಯಾವಾಗಿಂದ?"

"ಯಾವಾಗ್ಲೂ."

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅಂತ ಗಾದೆ ಹೇಳಿ ನಗುವವರು ನಗಲಿ. ಹದ್ದುಗಣ್ಣನಿಗೆ ಆದದ್ದು ನಗುವವರಿಗೆ ಆಗದಿರಲಿ. ಬಿಸಿಲಿಗೆ ಸುಡಲಿಲ್ಲ ಅಂತ ಎಷ್ಟು ಕುಣಿದಿದ್ದ! ಹಸಿರು ಗಿಡ ಬಿಸಿಲಿಗೆ ಯಾಕಪ್ಪ ಸುಡುತ್ತದೆ? ಚಳಿಗೆ ಯಾವ ಬಣ್ಣ ಅಂತ ಬಿಡುತ್ತದೆ? ಎಳೆಮಕ್ಕಳಿಗೂ ಗೊತ್ತಿರುವ ಮಾತು. ಹೋದ ವರ್ಷ ಗಿಡ ಕೊಳ್ಳಲು ಬಂದವನೊಬ್ಬ ಈ ಸಾಲನ್ನು ನೋಡಿ, ಇವನ ಮುಖ ನೋಡಿ, ಎರಡು ಗುಲಾಬಿ ಕೊಂಡು ಹೋಗಿದ್ದ. ಕಣ್ಣಿದ್ದರೆ ತಾನೇ ಅವನಿಗೆ, ಅಂತ ಹದ್ದುಗಣ್ಣ ವಾರಗಟ್ಟಲೆ ಆಡಿಕೊಂಡಿದ್ದ.

ಅವನು ಮಡಿಯ ಅಂಚಿನ ಮೇಲೆ ಕೂತ.

"ಒಂದು ಮಾತು ಹೇಳಬಾರದಿತ್ತೇನೇ?"

"ಹೇಳಿದ್ದೆ." ಹೆಂಡತಿಯೂ ಪಕ್ಕದಲ್ಲಿ ಕೂತಳು. "ಆರು ವರ್ಷದ ಹಿಂದೆ. ನಾಲ್ಕನೇ ಮಡಿ, ಮೂಲೇದು. ಇದು ಎಷ್ಟು ಚೆನ್ನಾಗಿದೆ ನೋಡ್ರೀ, ದಾರ ಕಟ್ಲಾ ಅಂದೆ."

ಅವನಿಗೆ ಚೆನ್ನಾಗಿ ನೆನಪಿತ್ತು. ಮೊಣಕಾಲುದ್ದದ ಗಿಡ. ಅವನ ಕಣ್ಣಿಗೆ ಅದು ಬಿಳಿಚಿಕೊಂಡು, ರಕ್ತವಿಲ್ಲದ ಹಾಗೆ ಕಂಡಿತ್ತು. ಇದು ಬಣ್ಣವಲ್ಲ ಕಣೇ, ರೋಗ, ದಾರ ಕಟ್ಟುವವಳಿಗೆ ಇದೆಲ್ಲ ಏನು ಗೊತ್ತು ಅಂದಿದ್ದ. ಕೆಲಸದಾಳುಗಳೆಲ್ಲರ ಎದುರಿಗೇ ಅಂದಿದ್ದ. ರೋಗ ಹರಡೀತು ಅಂತ ಬೇರು ಸಮೇತ ಕಿತ್ತು, ತರಗೆಲೆಯ ಮೇಲಿಟ್ಟು ಬೆಂಕಿ ಹಚ್ಚಿ, ಬೂದಿಯಾಗುವ ತನಕ ಅಲ್ಲೇ ನಿಂತಿದ್ದ.

"ಆಮೇಲೆ ಮೂರು ದಿನ ನನ್ನ ಹತ್ರ ಮಾತಾಡಲಿಲ್ಲ ನೀವು," ಅಂದಳು ಹೆಂಡತಿ. "ಗಿಡ ಹಾಳಾಗಿ ಹೋಗಲಿ, ಮನೇಲಿ ಮಾತಿದ್ರೆ ಸಾಕು ಅನ್ನಿಸ್ತು. ನೀವು ಯಾವುದಕ್ಕೆ ಅಂದ್ರೋ ಅದಕ್ಕೆ ಕಟ್ಟಿದೆ. ತಪ್ಪಾಯ್ತು ರೀ."

ಬೈಯಬೇಕು ಅನ್ನಿಸಿತು. ಯಾರನ್ನು ಅಂತ ಬೈಯುವುದು? ಮತ್ತೆ ಬಿತ್ತೋಣ ಅಂದರೆ ತಾಯಿಮರವಿಲ್ಲ, ಬೀಜವಿಲ್ಲ. ಯಾರಾದರೂ ಬೀಜ ಕೊಟ್ಟರೂ ಅದು ಎದೆಮಟ್ಟ ಬರುವ ತನಕ ತಾನಿರುವುದಿಲ್ಲ. ಮೂವತ್ತು ವರ್ಷದಲ್ಲಿ ಒಂದೇ ಒಂದು ಸಲ ಅದು ಹುಟ್ಟಿ ಬಂದಿತ್ತು. ಬಂದದ್ದನ್ನು ಅವನೇ ಕೈಯಾರೆ ಸುಟ್ಟಿದ್ದ.

"ಗುರುವಾರದವರಿಗೆ ಬರಬೇಡಿ ಅಂತ ಫೋನ್ ಮಾಡಿಬಿಡು."

"ಹೂಂ."

"ಇನ್ನೊಂದು ಕಣ್ಣಿಗೆ ಆಪರೇಷನ್ ಬೇಡ ಅಂತಾನೂ ಹೇಳು."

ಅದಕ್ಕೆ ಅವಳು ಹೂಂ ಅನ್ನಲಿಲ್ಲ. ಎದ್ದು ಹೋಗಿ ಮೊದಲನೆಯ ಗಿಡದ ದಾರ ಬಿಚ್ಚತೊಡಗಿದಳು. ವರ್ಷಗಟ್ಟಲೆ ಮಳೆಗೆ ನೆನೆದ ಗಂಟು ಬಿಗಿದುಕೊಂಡಿತ್ತು. ಹಲ್ಲಿನಿಂದ ಕಚ್ಚಿ ಎಳೆದಳು.

"ಆ ಮೂಲೇದು," ಹದ್ದುಗಣ್ಣ ಕೂತಲ್ಲಿಂದಲೇ ಕೇಳಿದ, "ಹೇಗಿತ್ತೇ ಅದು? ನೋಡಿದವಳು ನೀನೊಬ್ಬಳೇ. ಸರಿಯಾಗಿ ಹೇಳು. ನಿಂಬೆಹಳದಿಯಾ, ಬೆಣ್ಣೆಬಣ್ಣವಾ? ತುದಿ ಮಾತ್ರ ಹಳದಿ ಇತ್ತಾ, ಬುಡದ ತನಕ ಇತ್ತಾ?"

ಎರಡು ಕಣ್ಣನ್ನೂ ಮುಚ್ಚಿಕೊಂಡು ಅವಳ ಮಾತಿಗೆ ಕಾದ. ಅವಳು ದಾರವನ್ನು ಬೆರಳಿಗೆ ಸುತ್ತುತ್ತ ನೆನಪಿಸಿಕೊಳ್ಳಲು ನೋಡಿದಳು.

"ನೆನಪಿಟ್ಕೊಂಡು ಏನು ಮಾಡ್ಲಿ ಅಂತ ಆಗಲೇ ಮರೆತುಬಿಟ್ಟೆ ರೀ," ಅಂದಳು. "ಹಳದಿ ಇತ್ತು. ಅಷ್ಟೇ."