ಹೆಬ್ಬೆರಳ ಗುಳ್ಳೆ

ಮತ್ತೆ ಅದೇ ಗುಳ್ಳೆ, ನಲ್ಲಿಯ ಹಿಡಿಯ ಅದೇ ಬಾಗಿನಲ್ಲಿ, ಟ್ಯೂಬ್‌ಲೈಟಿನ ಬಿಂಬ ಇಷ್ಟುದ್ದಕ್ಕೂ ನೆಟ್ಟಗೆ ಹರಿದು ಬಂದು ಅಲ್ಲಿ ಎಡವುತ್ತದೆ — ತಪಾಸಣೆಯ ಬೆಂಚಿನ ಮುಂದೆ ಕೂತ ಅವಳು ಉಗುರಿನಿಂದ ಮೀಟಿದಳು, ಕ್ರೋಮ್ ಈರುಳ್ಳಿ ಸಿಪ್ಪೆಯ ಹಾಗೆ ಎದ್ದು ಬಂತು, ಕೆಳಗೆ ಬೋಳು ಪ್ಲಾಸ್ಟಿಕ್, ಮೇಲೆ ಥಳಕು ಒಳಗೆ ಹುಳುಕು ಎಂದು ಅಮ್ಮ ಹೇಳುತ್ತಿದ್ದಳು, ಅಮ್ಮ ಕಾರ್ಖಾನೆ ಕಂಡವಳಲ್ಲ. ಬೆಳಗ್ಗೆಯಿಂದ ಬುಟ್ಟಿ ತುಂಬ ಇದೇ. ಕ್ರೋಮ್‌ಗೆ ಮೊದಲು ಅದ್ದೋ ಆಮ್ಲದ ತೊಟ್ಟಿ ಕೆಟ್ಟಿದೆ, ಅದನ್ನ ನೋಡ್ಕೊಳ್ಳೋ ತಾತನಿಗೆ ವಯಸ್ಸಾಯ್ತು, ನೀವು ಹೂಂ ಅಂದ್ರೆ ಇವತ್ತೇ ಅವರನ್ನ ಕಳಿಸ್ಬಿಡ್ತೀನಿ, ಎಂದು ಹೋದ ಸೂಪರ್‌ವೈಸರ್ ಇನ್ನೇನು ಬರುತ್ತಾನೆ. ಹೂಂ ಅನ್ನುವುದೇನು ದೊಡ್ಡದು, ತಪಾಸಣೆಯವಳ ಮಾತೇ ಇಲ್ಲಿ ಕೊನೆ ಮಾತು, ಆದರೆ ತೊಟ್ಟಿ ಕೆಟ್ಟಿದ್ದರೆ ಹಿಡಿ ಪೂರ್ತಿ ಸುಲಿಯಬೇಕಿತ್ತಲ್ಲ, ಎಣ್ಣೆ ಪಸೆ ಇದ್ದ ಕಡೆ ಆಮ್ಲ ಕಚ್ಚಲ್ಲ ಕಣಮ್ಮ, ಆಮ್ಲ ಕಚ್ಚದಿದ್ದ ಕಡೆ ಲೋಹ ನಿಲ್ಲಲ್ಲ, ತೊಟ್ಟಿ ತಾತ ಊಟದ ಡಬ್ಬಿ ತೊಳೆಯುತ್ತ ಹೇಳಿದ್ದು, ಆಗ ಇವಳು ನಕ್ಕಿದ್ದಳು, ಡಬ್ಬಿಗೂ ಅದೇ ನಿಯಮವಾ ತಾತ.

ಭೂತಗನ್ನಡಿ ಹಿಡಿದಳು. ಸುಲಿದ ಜಾಗ ಮೊಟ್ಟೆಯಾಕಾರ, ಹೆಬ್ಬೆರಳಿನಷ್ಟು, ಅದರ ನಡುವೆ ಓರೆಯಾಗಿ ಕೂದಲೆಳೆಯಷ್ಟು ಕ್ರೋಮ್ ಗಟ್ಟಿಯಾಗಿ ಉಳಿದಿದೆ, ಅಲ್ಲಿ ಬೆರಳಿನ ಪಸೆ ತಾಗಿಲ್ಲ, ಬೆರಳಿನಲ್ಲಿ ಅಲ್ಲೊಂದು ತಗ್ಗಿದೆ — ಗನ್ನಡಿಯನ್ನು ಇನ್ನೂ ಹತ್ತಿರ ತಂದಳು. ಹಾಲಿನ ಪುಡಿಯ ಡಬ್ಬದ ಮುಚ್ಚಳ ಕೊಯ್ದ ಹೆಬ್ಬೆರಳು, ಅಡುಗೆಮನೆಯ ನೆಲದ ಮೇಲೆ ರಕ್ತದ ಹನಿ, ಅಕ್ಕಾ ನಂಗೇನೂ ಆಗಿಲ್ಲ ಅಳಬೇಡ ಎಂದು ಪುಟ್ಟ ತಂಗಿಯೇ ಇವಳನ್ನು ಸಮಾಧಾನ ಮಾಡಿದ್ದಳು, ಗಾಯ ಓರೆಯಾಗಿಯೇ ಕೂಡಿಕೊಂಡಿತು. ಗಂಡನ ಮನೆ ಬಿಟ್ಟು ಬಂದ ಆ ತಂಗಿಗೆ ಇವಳೇ ಕೈಕಾಲು ಹಿಡಿದು ಕೊಡಿಸಿದ ಕೆಲಸ, ಇನ್ನೂ ಕಾಯಂ ಆಗಿಲ್ಲ, ತೊಟ್ಟಿಗೆ ಇಳಿಸುವ ಮೊದಲು ಹಿಡಿಗಳನ್ನು ಚೌಕಟ್ಟಿಗೆ ಸಿಕ್ಕಿಸುವುದು, ಕೈಗವಸು ಹಾಕದೆ ಮುಟ್ಟಿದವರು ಅವತ್ತೇ ಮನೆಗೆ ಎಂದು ಗೋಡೆಯ ಮೇಲೆ ಬರೆದಿದೆ. ಓದಿಲ್ಲವೇ ಪೆದ್ದಿ, ಓದಿದ್ದಾಳೆ, ಆದರೆ ಪ್ಲಾಸ್ಟಿಕ್ ಮೇಲೆ ಅಚ್ಚಿನ ಗೆರೆ ಉಬ್ಬಿದೆಯೋ ಇಲ್ಲವೋ ಕೈಗವಸಿನ ಬೆರಳಿಗೆ ಹೇಗೆ ತಿಳಿಯಬೇಕು, ಒಳ್ಳೆಯದೇ ಹೋಗಲಿ ಎಂದು ಒಂದೊಂದನ್ನೂ ಸವರಿ ನೋಡಿ ಸಿಕ್ಕಿಸುತ್ತಾಳೆ, ಕಣ್ಣು ಸುಳ್ಳು ಹೇಳಬಹುದು ಹೆಬ್ಬೆರಳು ಹೇಳಲ್ಲ ಕಣೇ ಎಂದು ಕಲಿಸಿದವಳು ಯಾರು, ಇದೇ ಬೆಂಚಿನ ಮುಂದೆ ಕೂರಿಸಿಕೊಂಡು. ಕ್ರೋಮ್ ಏರಿದ ಮೇಲಿನ ಪಾಠ, ಏರುವ ಮೊದಲು ಅದೇ ವಿಷ, ಅಷ್ಟನ್ನು ಹೇಳುವುದನ್ನು ಇವಳು ಬಿಟ್ಟಿದ್ದಳು.

ಏನಂತೀರಿ, ತೊಟ್ಟಿ ತಾನೆ, ಸೂಪರ್‌ವೈಸರ್ ಬಂದು ನಿಂತಿದ್ದಾನೆ, ಅವನ ಹಿಂದೆ ತಾತ, ಕೈ ಒರೆಸಿಕೊಳ್ಳುತ್ತ. ಅಲ್ಲ, ಎಂದಳು. ಮಾತು ತಾನಾಗಿ ಬಂದುಬಿಟ್ಟಿತು, ತೊಟ್ಟಿ ಅಲ್ಲ, ಕೈ. ಯಾರ ಕೈ, ಎಂದ ಅವನು. ಗೊತ್ತಿಲ್ಲ ಅನ್ನಬಹುದು, ನಾಳೆ ಇನ್ನೊಂದು ಬುಟ್ಟಿ, ಮತ್ತೆ ತಾತ, ಗೊತ್ತು ಅನ್ನಬಹುದು, ತಂಗಿ ಎಲ್ಲಿಗೆ ಹೋಗುತ್ತಾಳೆ, ಕಲಿಸಿದ್ದು ನಾನೇ ಅಂದರೆ ಇಬ್ಬರನ್ನೂ — ಅವಳು ತಲೆ ಎತ್ತಿದಳು. ಗಾಜಿನ ಗೋಡೆಯ ಆಚೆ ತಂಗಿ ಇವರನ್ನೇ ನೋಡುತ್ತಿದ್ದಳು, ಸೂಪರ್‌ವೈಸರ್ ಅಕ್ಕನ ಬಳಿ ನಿಂತದ್ದು ಕಂಡು ಅವಳ ಮುಖ ಅರಳಿದೆ, ಎಲ್ಲ ಚೆನ್ನಾಗಿ ಬಂತಾ ಅಕ್ಕಾ ಎಂದು ಕೇಳುವ ಹಾಗೆ ಕೈ ಎತ್ತಿ ಗಾಜಿಗೆ ಒತ್ತಿದಳು, ಸೂಪರ್‌ವೈಸರ್ ಕೂಡ ಆ ಕಡೆ ತಿರುಗಿದ, ಗಾಜಿನಲ್ಲಿ ಹೆಬ್ಬೆರಳು, ಕೈಗವಸಿಲ್ಲದ ಬರಿಯ ಹೆಬ್ಬೆರಳು, ನಡುವೆ ಓರೆ ಗೆರೆ.